ಎಲ್ಲೆಡೆ ಓಡುವ ಪ್ರೋಗ್ರಾಮು ವಿಂಡೋಸ್‌ನಲ್ಲಿ ಎಡವುವುದು ಎಲ್ಲಿ?

1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಜಾವಾವನ್ನು ಜಗತ್ತಿನ ಮುಂದಿಟ್ಟಾಗ ಕೊಟ್ಟ ಭರವಸೆ ಇದು: ಒಮ್ಮೆ ಬರೆಯಿರಿ, ಎಲ್ಲಿ ಬೇಕಾದರೂ ಓಡಿಸಿ. ಪ್ರೋಗ್ರಾಮರುಗಳು ಅದನ್ನು ಬಹುಬೇಗ 'ಒಮ್ಮೆ ಬರೆಯಿರಿ, ಎಲ್ಲ ಕಡೆ ಡೀಬಗ್ ಮಾಡಿ' ಎಂದು ತಿದ್ದಿಕೊಂಡರು. ಗೇಲಿಯಲ್ಲಿ ಹುರುಳಿದೆ, ಆದರೆ ಅದು ಪೂರ್ತಿ ನ್ಯಾಯವಲ್ಲ. ಜಾವಾ ಇರಲಿ, ಅದಕ್ಕಿಂತ ನಾಲ್ಕು ವರ್ಷ ಮೊದಲೇ ಗೈಡೋ ವಾನ್ ರೋಸಮ್ ಹೊರಬಿಟ್ಟಿದ್ದ ಪೈಥಾನ್ ಇರಲಿ, ಎರಡಕ್ಕೆ ಎರಡು ಕೂಡಿಸಿದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಾಲ್ಕೇ ಬರುತ್ತದೆ. ಭಾಷೆ ಮಾತು ತಪ್ಪಿಲ್ಲ. ತಕರಾರು ಹುಟ್ಟುವುದು ಭಾಷೆ ಆಪರೇಟಿಂಗ್ ಸಿಸ್ಟಮ್ ಜೊತೆ ವ್ಯವಹರಿಸಬೇಕಾದ ಜಾಗಗಳಲ್ಲಿ. ಯಾವ ಫೋಲ್ಡರಿನಿಂದ ಪ್ರೋಗ್ರಾಮು ಎದ್ದು ಬರಬೇಕು, ಫೈಲಿನ ಹೆಸರನ್ನು ಹೇಗೆ ಬರೆಯಬೇಕು, ಡಿಸ್ಕಿನ ಬೈಟುಗಳನ್ನು ಯಾವ ಅಕ್ಷರಗಳಾಗಿ ಓದಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಸಿಸ್ಟಮ್. ಕಲಿಯಲು ಕೂತ ಹುಡುಗ ಹುಡುಗಿಯರು ಮೊದಲ ವಾರ ಕಳೆದುಕೊಳ್ಳುವುದು ಇಂಥ ಕಡೆಗಳಲ್ಲೇ ಹೊರತು ಲೂಪಿನಲ್ಲಾಗಲಿ ಫಂಕ್ಷನ್ನಿನಲ್ಲಾಗಲಿ ಅಲ್ಲ. ನಮ್ಮ ಕಾಲೇಜುಗಳ ಲ್ಯಾಬುಗಳಲ್ಲೂ ಮನೆಗಳಲ್ಲೂ ಇರುವುದು ಹೆಚ್ಚಾಗಿ ವಿಂಡೋಸ್ ಆದ್ದರಿಂದ ಅದನ್ನೇ ಮುಂದಿಟ್ಟುಕೊಂಡು ನೋಡುವುದು ಒಳ್ಳೆಯದು.

ಮೊದಲ ಗಂಟು ಪಾತ್. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪೈಥಾನ್' ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ವಿಂಡೋಸ್ ಇಡೀ ಡಿಸ್ಕ್ ಹುಡುಕುವುದಿಲ್ಲ. ನಾವು ನಿಂತಿರುವ ಫೋಲ್ಡರನ್ನು ನೋಡುತ್ತದೆ, ಆಮೇಲೆ ಪಾತ್ ಎಂಬ ಪಟ್ಟಿಯಲ್ಲಿರುವ ಫೋಲ್ಡರುಗಳನ್ನು ಬರೆದ ಕ್ರಮದಲ್ಲೇ ನೋಡುತ್ತಾ ಹೋಗುತ್ತದೆ. ಮೊದಲು ಸಿಕ್ಕಿದ್ದನ್ನು ಓಡಿಸಿ ಕೈತೊಳೆದುಕೊಳ್ಳುತ್ತದೆ. ಊರಲ್ಲಿ ನಾಲ್ವರು ಮಂಜುನಾಥರಿದ್ದರೆ ಪೋಸ್ಟ್‌ಮ್ಯಾನ್ ಬೀದಿಯ ಮೊದಲ ಮಂಜುನಾಥನ ಮನೆಗೇ ಕಾಗದ ಹಾಕಿ ಹೋದ ಹಾಗೆ. ಇಷ್ಟು ದೊಡ್ಡ ಪಾತ್ರವಿರುವ ಪಟ್ಟಿಗೆ ಪೈಥಾನ್‌ನ ಫೋಲ್ಡರ್ ಸೇರಿಸುವ ಟಿಕ್ ಚೌಕ ಮಾತ್ರ ಇನ್‌ಸ್ಟಾಲರಿನ ಮೊದಲ ಪರದೆಯ ತಳದಲ್ಲಿ, ಟಿಕ್ ಇಲ್ಲದೆ ಕೂತಿರುತ್ತದೆ. ಹೊಸಬರು ಅದನ್ನು ಗಮನಿಸದೆ ಮುಂದೆ ಹೋಗುತ್ತಾರೆ, ಹೋಗುವುದು ಸಹಜ. ಬೇರೆ ಸಾಫ್ಟ್‌ವೇರಿನ ಪಾತ್ ಕೆಡಬಾರದೆಂಬ ಜಾಗ್ರತೆಯಿಂದ ಹಾಗೆ ಇಟ್ಟಿರಬಹುದು, ಆದರೆ ಅದರ ಬೆಲೆ ತೆರುವವರು ಪಾತ್ ಎಂದರೇನೆಂದೇ ಗೊತ್ತಿಲ್ಲದ ಕಲಿಯುವವರು.

2019ರ ಮೇ ಅಪ್‌ಡೇಟ್ ಈ ಗಂಟಿಗೆ ಇನ್ನೊಂದು ಎಳೆ ಸೇರಿಸಿತು. ಅಂದಿನಿಂದ ವಿಂಡೋಸ್ 10ರಲ್ಲಿ ಪೈಥಾನ್ ಇಲ್ಲದಿದ್ದರೂ ಆ ಹೆಸರಿನ ಒಂದು ಫೈಲ್ ಇರುತ್ತದೆ. ಅದರ ಗಾತ್ರ ಸೊನ್ನೆ ಬೈಟ್, ಅದರ ಕೆಲಸ ನಮ್ಮನ್ನು ಮೈಕ್ರೋಸಾಫ್ಟ್ ಸ್ಟೋರ್‌ಗೆ ಕಳಿಸುವುದು. ಆಲೋಚನೆ ಒಳ್ಳೆಯದೇ. ಆದರೆ ಬೇರೆ ಕಡೆಯಿಂದ ಪೈಥಾನ್ ಹಾಕಿಕೊಂಡು ಪಾತ್‌ಗೆ ಸೇರಿಸದೆ ಬಿಟ್ಟವರು ಹೆಸರು ಟೈಪ್ ಮಾಡಿದಾಗ ಸ್ಟೋರ್ ತೆರೆದುಕೊಳ್ಳುತ್ತದೆ, ಅಥವಾ ಪೈಥಾನ್ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. 'ಈಗ ತಾನೇ ಹಾಕಿದೆನಲ್ಲ' ಎಂದುಕೊಂಡು ಅವರು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕುತ್ತಾರೆ. ಆಮೇಲೆ ಸ್ಟೋರಿನಿಂದಲೂ ಒಂದನ್ನು ಇಳಿಸುತ್ತಾರೆ. ಯಾರೋ ಪೈಥಾನ್‌ನ ಇನ್ನೊಂದು ಕಟ್ಟಾದ ಅನಕೊಂಡ ಹಾಕಿ ನೋಡು ಎಂದರೆ ಅದೂ ಬರುತ್ತದೆ. ಸಂಜೆಯ ಹೊತ್ತಿಗೆ ಒಂದೇ ಕಂಪ್ಯೂಟರಿನಲ್ಲಿ ಮೂರು ಪೈಥಾನ್‌ಗಳು. ಮೊದಲು ಒಂದಿದ್ದ ತೊಂದರೆಗೆ ಇನ್ನೆರಡು ಮರಿಗಳು.

ರೀಇನ್‌ಸ್ಟಾಲ್ ಮಾಡುವುದು ನಮ್ಮಲ್ಲಿ ಎಲ್ಲ ಕಾಯಿಲೆಗೂ ಕೊಡುವ ಗುಳಿಗೆಯಾಗಿಬಿಟ್ಟಿದೆ. ನನ್ನ ಮಟ್ಟಿಗೆ ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ, ಏಕೆಂದರೆ ಏನು ತಪ್ಪಾಗಿತ್ತು ಎಂಬ ಸುಳಿವುಗಳನ್ನು ಅದು ಅಳಿಸಿಹಾಕುತ್ತದೆ. ಕೇಳಬೇಕಾದ ಮೊದಲ ಪ್ರಶ್ನೆ ಏಕೆ ಓಡುತ್ತಿಲ್ಲ ಎಂಬುದಲ್ಲ, ಯಾವುದು ಓಡುತ್ತಿದೆ ಎಂಬುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ವೇರ್' ಎಂಬ ಕಮಾಂಡಿನ ಮುಂದೆ ಪೈಥಾನ್ ಎಂದು ಬರೆದರೆ ಪಾತ್‌ನಲ್ಲಿ ಸಿಗುವ ಎಲ್ಲ ಪೈಥಾನ್‌ಗಳ ವಿಳಾಸ ಸಾಲಾಗಿ ಬರುತ್ತದೆ. ಮೊದಲ ಸಾಲಿನಲ್ಲಿರುವುದೇ ಓಡುವುದು. ಇಲ್ಲೂ ಒಂದು ಮೋಸವಿದೆ. ಪವರ್‌ಶೆಲ್‌ನಲ್ಲಿ 'ವೇರ್' ಎಂಬುದು ಬೇರೊಂದು ಕಮಾಂಡಿನ ಅಡ್ಡಹೆಸರು. ಅಲ್ಲಿ ಹಾಗೆ ಬರೆದರೆ ಉತ್ತರವೂ ಬರುವುದಿಲ್ಲ, ಎರರ್ ಕೂಡ ಬರುವುದಿಲ್ಲ. 'ವೇರ್' ಪದದ ಕೊನೆಯಲ್ಲಿ ಚುಕ್ಕೆ ಇಟ್ಟು 'ಇಎಕ್ಸ್‌ಇ' ಸೇರಿಸಿದರೆ ಮಾತ್ರ ಕೆಲಸವಾಗುತ್ತದೆ. 2012ರಲ್ಲಿ ಪೈಥಾನ್ 3.3ರ ಜೊತೆ ಬಂದ 'ಪಿವೈ' ಎಂಬ ಎರಡಕ್ಷರದ ಲಾಂಚರ್ ಈ ರಗಳೆಗೆ ಒಳ್ಳೆಯ ಮದ್ದು. ಅದು ಕಂಪ್ಯೂಟರಿನಲ್ಲಿ ದಾಖಲಾಗಿರುವ ಪೈಥಾನ್ ಆವೃತ್ತಿಗಳ ಪಟ್ಟಿ ಕೊಡುತ್ತದೆ, ಬೇಕಾದ್ದನ್ನು ಆರಿಸಿ ಓಡಿಸುತ್ತದೆ. ಆದರೂ ಪಾಠಪುಸ್ತಕಗಳು ಅದನ್ನು ಹೇಳಿಕೊಡುವುದು ಕಡಿಮೆ.

ಪಾತ್ ತಿದ್ದಿದ ಮೇಲೂ ಏನೂ ಬದಲಾಗಲಿಲ್ಲ ಎಂದು ಗೋಳಾಡುವವರಿಗೆ ಒಂದು ಮಾತು. ತೆರೆದಿರುವ ಕಪ್ಪು ಪರದೆ ತಾನು ಹುಟ್ಟಿದಾಗಿನ ಪಾತ್‌ನ ಪ್ರತಿಯನ್ನೇ ಹಿಡಿದುಕೊಂಡಿರುತ್ತದೆ. ಅದನ್ನು ಮುಚ್ಚಿ ಹೊಸದು ತೆರೆಯಬೇಕು. ವಿಎಸ್ ಕೋಡ್ ಒಳಗಿನ ಟರ್ಮಿನಲ್ ಆದರೆ ಇಡೀ ವಿಎಸ್ ಕೋಡನ್ನೇ ಮುಚ್ಚಿ ತೆರೆಯಬೇಕು, ಏಕೆಂದರೆ ಒಳಗಿನ ಟರ್ಮಿನಲ್‌ಗೆ ಪಾತ್ ಸಿಗುವುದು ಅದರಿಂದ. 'ಸಿಸ್ಟಮ್ ರೀಸ್ಟಾರ್ಟ್ ಮಾಡಿ' ಎಂಬ ಮುದಿ ಸಲಹೆ ಕೆಲವೊಮ್ಮೆ ಫಲ ಕೊಡುವ ಗುಟ್ಟು ಇಷ್ಟೇ. ಪಾತ್‌ಗೆ ಸೇರಿಸಲು 'ಸೆಟ್‌ಎಕ್ಸ್' ಕಮಾಂಡ್ ಬಳಸಿ ಎಂಬ ಸಲಹೆ ಕಂಡರೆ ಮಾತ್ರ ದೂರವಿರಿ. ಅದು 1024 ಅಕ್ಷರ ಮೀರಿದ್ದನ್ನು ಕತ್ತರಿಸುತ್ತದೆ. ಉದ್ದನೆಯ ಪಾತ್ ಇದ್ದರೆ ಬಾಲದಲ್ಲಿದ್ದ ಫೋಲ್ಡರುಗಳು ಹೋದವೆಂದೇ ಅರ್ಥ, ಆಮೇಲೆ ಸಂಬಂಧವೇ ಇಲ್ಲದ ಸಾಫ್ಟ್‌ವೇರ್ ಕೆಟ್ಟಾಗ ಕಾರಣ ಹೊಳೆಯುವುದಿಲ್ಲ.

ಲೈಬ್ರರಿಗಳ ಕಿರಿಕಿರಿಯೂ ಇದೇ 'ಯಾವುದು' ಎಂಬ ಪ್ರಶ್ನೆಯ ಕವಲು. ಲೈಬ್ರರಿಗಳನ್ನು ಇಳಿಸಿ ಹಾಕುವ ಪಿಪ್ 'ಇದು ಆಗಲೇ ಇದೆ' ಎನ್ನುತ್ತದೆ, ಪ್ರೋಗ್ರಾಮು 'ಅಂಥ ಮಾಡ್ಯೂಲ್ ಇಲ್ಲ' ಎನ್ನುತ್ತದೆ. ಇಬ್ಬರೂ ಹೇಳುತ್ತಿರುವುದು ನಿಜ. ಪಿಪ್ ಒಂದು ಪೈಥಾನ್‌ಗೆ ಸೇರಿದ್ದು, ಪ್ರೋಗ್ರಾಮು ಇನ್ನೊಂದರಲ್ಲಿ ಓಡುತ್ತಿದೆ. ಬರೀ ಪಿಪ್ ಎಂದು ಕರೆಯದೆ ಪೈಥಾನ್ ಮೂಲಕವೇ, 'ಮೈನಸ್ ಎಂ' ಹಾಕಿ ಕರೆದರೆ ಈ ಜಗಳ ಮುಗಿಯುತ್ತದೆ. ಪ್ರತಿ ಕೆಲಸಕ್ಕೂ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್, ಎಂದರೆ ಲೈಬ್ರರಿಗಳದೇ ಪ್ರತ್ಯೇಕ ಫೋಲ್ಡರ್, ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು, ಆದರೆ ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಗೆಳೆಯನ ಕಂಪ್ಯೂಟರಿಗೆ ಒಯ್ದರೆ ಓಡುವುದಿಲ್ಲ. ಅದರೊಳಗೆ ಹಳೆಯ ಜಾಗದ ಪೂರ್ಣ ವಿಳಾಸ ಬರೆದಿರುತ್ತದೆ. ಮತ್ತೊಂದು ಎಡವಟ್ಟು ಕಲಿಯುವವರದೇ ಕೊಡುಗೆ: ರ್‍ಯಾಂಡಮ್ ಮಾಡ್ಯೂಲ್ ಕಲಿಯಲು ಬರೆದ ಫೈಲಿಗೆ 'ರ್‍ಯಾಂಡಮ್' ಎಂದೇ ಹೆಸರಿಡುವುದು. ಪೈಥಾನ್ ಮೊದಲು ಹುಡುಕುವುದು ಪ್ರೋಗ್ರಾಮು ಇರುವ ಫೋಲ್ಡರನ್ನು, ಹಾಗಾಗಿ ಫೈಲ್ ತನ್ನನ್ನೇ ಇಂಪೋರ್ಟ್ ಮಾಡಿಕೊಳ್ಳುತ್ತದೆ. 3.13ನೇ ಆವೃತ್ತಿಯಿಂದ ಎರರ್ ಸಂದೇಶವೇ 'ಫೈಲಿನ ಹೆಸರು ಬದಲಿಸಿ ನೋಡಿ' ಎಂದು ಸೂಚಿಸುತ್ತದೆ. ತಡವಾಗಿ ಬಂದರೂ ಇಂಥ ಸೌಜನ್ಯಕ್ಕೆ ಬೆಲೆಯಿದೆ.

ಜಾವಾದಲ್ಲಿ ಕಥೆ ಹೆಚ್ಚುಕಡಿಮೆ ಇದೇ, ಪಾತ್ರಗಳ ಹೆಸರು ಬೇರೆ. ಒರಾಕಲ್‌ನ ಇನ್‌ಸ್ಟಾಲರ್ 'ಜಾವಾಪಾತ್' ಎಂಬ ತನ್ನದೇ ಫೋಲ್ಡರನ್ನು ಪಾತ್‌ನ ಮುಂಚೂಣಿಗೆ ತಂದಿಡುತ್ತದೆ. ನಾವು ಕೈಯಾರೆ ಸೇರಿಸಿದ ಜೆಡಿಕೆ, ಎಂದರೆ ಜಾವಾ ಪ್ರೋಗ್ರಾಮು ಬರೆಯುವವರ ಕಿಟ್, ಹಿಂದೆ ಬೀಳುತ್ತದೆ. ಕಂಪೈಲ್ ಮಾಡಿದ್ದು ಹೊಸ ಜಾವಾ, ಓಡಿಸಲು ಹೊರಟದ್ದು ಹಳೆಯದು ಎಂದಾದಾಗ ಕ್ಲಾಸ್ ಫೈಲ್ 61.0, ನನಗೆ ಗೊತ್ತಿರುವುದು 52.0ರವರೆಗೆ ಮಾತ್ರ ಎಂಬರ್ಥದ ಎರರ್ ಬರುತ್ತದೆ. ಈ ಅಂಕಿಗಳಲ್ಲಿ 44 ಕಳೆದರೆ ಆವೃತ್ತಿ ಸಿಗುತ್ತದೆ: 61 ಎಂದರೆ ಜಾವಾ 17, 52 ಎಂದರೆ ಜಾವಾ 8. ಜಾವಾ ಹೋಮ್ ಎಂಬ ವೇರಿಯಬಲ್‌ನಲ್ಲಿ ಜೆಡಿಕೆಯ ಮೂಲ ಫೋಲ್ಡರ್ ಕೊಡುವ ಬದಲು ಅದರೊಳಗಿನ 'ಬಿನ್' ಕೊಟ್ಟು ಜಾವಾ ಪ್ರಾಜೆಕ್ಟುಗಳನ್ನು ಕಟ್ಟುವ ಮೇವನ್ ಓಡುತ್ತಿಲ್ಲ ಎನ್ನುವವರೂ ಬಹಳ.

ಇನ್ನು ಕಂಪೈಲ್ ಆದ ತುಂಡುಗಳ ವಿಚಾರ. ನಂಪೈಯಂಥ ಲೈಬ್ರರಿಯ ಹೊಟ್ಟೆಯೊಳಗೆ ಸಿ ಭಾಷೆಯ ಕೋಡ್ ಇದೆ. ಅದು ಪ್ರತಿ ಸಿಸ್ಟಮ್‌ಗೂ ಬೇರೆ ಬೇರೆಯಾಗಿ ಕಂಪೈಲ್ ಆಗಬೇಕು. ಸಾಮಾನ್ಯವಾಗಿ 'ವೀಲ್' ಎಂಬ ಸಿದ್ಧ ಪೊಟ್ಟಣ ಸಿಗುವುದರಿಂದ ನಮಗೆ ಇದರ ಅರಿವೇ ಆಗುವುದಿಲ್ಲ. ಆದರೆ ಈಗ ಪ್ರತಿ ಅಕ್ಟೋಬರ್‌ನಲ್ಲಿ ಪೈಥಾನ್‌ನ ಹೊಸ ಆವೃತ್ತಿ ಬರುತ್ತದೆ, ಚಿಕ್ಕಪುಟ್ಟ ಲೈಬ್ರರಿಗಳು ಅದಕ್ಕೆ ವೀಲ್ ತಯಾರಿಸಲು ಸಮಯ ಹಿಡಿಯುತ್ತದೆ. ಆ ನಡುವೆ ಹೊಸ ಪೈಥಾನ್ ಹಾಕಿಕೊಂಡವರಿಗೆ ಪಿಪ್ ಮೂಲ ಕೋಡನ್ನೇ ಇಳಿಸಿ ಇಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ, ಕಂಪೈಲರ್ ಕಾಣದೆ 'ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್ 14.0 ಬೇಕು' ಎಂದು ಕೆಂಪಕ್ಷರ ಚೆಲ್ಲುತ್ತದೆ. ಸಂದೇಶ ಹೇಳಿದಂತೆ ಕೇಳಿದರೆ ಹಲವು ಜಿಬಿ ಇಳಿಸಿಕೊಳ್ಳಬೇಕು. ಹಳ್ಳಿಯ ಮೊಬೈಲ್ ಡೇಟಾದಲ್ಲಿ ಅದು ಆಗುಹೋಗುವ ಮಾತಲ್ಲ. ಒಂದು ಆವೃತ್ತಿ ಹಿಂದಿನ ಪೈಥಾನ್ ಬಳಸಿದರೆ ಹೆಚ್ಚಿನ ಸಲ ತೊಂದರೆ ತಾನಾಗಿಯೇ ಕರಗುತ್ತದೆ.

ಎರರ್ ಸಂದೇಶ ದಾರಿ ತಪ್ಪಿಸುವುದಕ್ಕೆ ಒಳ್ಳೆಯ ಉದಾಹರಣೆ 'ಡಿಎಲ್‌ಎಲ್ ಲೋಡ್ ಫೇಲ್ಡ್'. ಇಂಥ ಮಾಡ್ಯೂಲ್ ಸಿಗಲಿಲ್ಲ ಎನ್ನುತ್ತದೆ, ಹೋಗಿ ನೋಡಿದರೆ ಫೈಲ್ ಕಣ್ಣೆದುರೇ ಇದೆ. ನಿಜಕ್ಕೂ ಕಾಣೆಯಾಗಿರುವುದು ಆ ಫೈಲ್ ನೆಚ್ಚಿಕೊಂಡಿರುವ ಇನ್ನೊಂದು ಡಿಎಲ್‌ಎಲ್ (ಕಂಪೈಲ್ ಆದ ಕೋಡಿನ ಫೈಲ್), ಅದರ ಹೆಸರನ್ನು ವಿಂಡೋಸ್ ಬಾಯಿಬಿಡುವುದಿಲ್ಲ. ಹೆಚ್ಚಾಗಿ ಅದು ವಿಷುಯಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್. ಪೈಥಾನ್ 3.8ರಿಂದ ಇಂಥ ಡಿಎಲ್‌ಎಲ್‌ಗಳನ್ನು ಪಾತ್‌ನಲ್ಲಿ ಹುಡುಕುವುದನ್ನು ನಿಲ್ಲಿಸಿದ್ದರಿಂದ ಅಲ್ಲಿಯವರೆಗೆ ಓಡುತ್ತಿದ್ದ ಕೆಲವು ಲೈಬ್ರರಿಗಳೂ ನಿಂತವು. 193ನೇ ನಂಬರಿನ ಎರರ್ ಬಂದರೆ ಮಾತ್ರ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. 32 ಬಿಟ್ಟಿನದಕ್ಕೂ 64 ಬಿಟ್ಟಿನದಕ್ಕೂ ಗಂಟುಹಾಕಲು ಹೋಗಿದ್ದೀರಿ ಎಂಬುದೇ ಅದರ ಸಾಮಾನ್ಯ ಅರ್ಥ. ಬಿಟ್ಟುಗಳ ಈ ತಂಟೆ ನಮಗೆ ಹೊಸದೂ ಅಲ್ಲ. 16 ಬಿಟ್ಟಿನ ಟರ್ಬೋ ಸಿ 64 ಬಿಟ್ಟಿನ ವಿಂಡೋಸ್‌ನಲ್ಲಿ ಓಡದು ಎಂದಾದಾಗ, ಕಂಪೈಲರ್ ಬದಲಿಸುವುದು ಬಿಟ್ಟು ಹಳೆಯ ಡಾಸ್ ಅನುಕರಿಸುವ ಡಾಸ್‌ಬಾಕ್ಸ್ ಹಾಕಿ ಅದನ್ನೇ ಓಡಿಸಿದ ಲ್ಯಾಬುಗಳು ನಮ್ಮಲ್ಲಿವೆ.

ಫೈಲಿನ ವಿಳಾಸ ಬರೆಯುವ ರೀತಿಯಲ್ಲೂ ಹಳೆಯ ಋಣಗಳಿವೆ. ಡಾಸ್‌ನ ಮೊದಲ ಆವೃತ್ತಿಯಲ್ಲಿ ಫೋಲ್ಡರುಗಳೇ ಇರಲಿಲ್ಲ, ಮುಂದಕ್ಕೆ ವಾಲಿದ ಗೀಟು ಕಮಾಂಡಿನ ಆಯ್ಕೆಗಳಿಗೆ ಮೀಸಲಾಗಿತ್ತು. 1983ರಲ್ಲಿ ಡಾಸ್ 2.0 ಫೋಲ್ಡರುಗಳನ್ನು ತಂದಾಗ ಉಳಿದಿದ್ದ ಹಿಂದಕ್ಕೆ ವಾಲಿದ ಗೀಟನ್ನು ತೆಗೆದುಕೊಂಡಿತು. ಸಿ ಭಾಷೆಯ ವಂಶದವರಿಗೆಲ್ಲ ಆ ಗೀಟು ಬೇರೆಯೇ ಸಂಕೇತ: ಅದರ ಮುಂದೆ ಎನ್ ಬಂದರೆ ಹೊಸ ಸಾಲು, ಟಿ ಬಂದರೆ ಟ್ಯಾಬ್. ಪೈಥಾನ್‌ನಲ್ಲಿ ದೊಡ್ಡ ಯು ಬಂದರೆ ಎಂಟು ಅಂಕಿಗಳ ಯುನಿಕೋಡ್ ಸಂಖ್ಯೆ ಬರಬೇಕು. ವಿಂಡೋಸ್‌ನಲ್ಲಿ ಪ್ರತಿಯೊಬ್ಬರ ಫೈಲುಗಳೂ ಇರುವುದು ಸಿ ಡ್ರೈವಿನ 'ಯೂಸರ್ಸ್' ಫೋಲ್ಡರಿನ ಒಳಗೆ! ಹಾಗಾಗಿ ಎಕ್ಸ್‌ಪ್ಲೋರರಿನಿಂದ ವಿಳಾಸ ಕಾಪಿ ಮಾಡಿ ಅಂಟಿಸಿದ ಕೂಡಲೇ ಪ್ರೋಗ್ರಾಮಿನ ಒಂದು ಸಾಲೂ ಓಡದೆ ಯುನಿಕೋಡ್ ಎರರ್ ಬರುತ್ತದೆ. ಮುಂದಕ್ಕೆ ವಾಲಿದ ಗೀಟನ್ನೂ ವಿಂಡೋಸ್ ಒಪ್ಪುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ತಲೆನೋವು ಹೋಯಿತು.

ವಿಳಾಸದ ಉದ್ದ 260 ಅಕ್ಷರ ಮೀರಬಾರದೆಂಬ ನಿಯಮವನ್ನು 2016ರಲ್ಲಿ ವಿಂಡೋಸ್ 10 ಸಡಿಲಿಸಿತು, ಆದರೆ ನಾವೇ ಹೋಗಿ ಅದನ್ನು ಆನ್ ಮಾಡಬೇಕು. ಪೈಥಾನ್ ಇನ್‌ಸ್ಟಾಲರಿನ ಕೊನೆಯ ಪರದೆಯಲ್ಲಿ ಅದಕ್ಕೊಂದು ಬಟನ್ ಇರುತ್ತದೆ. ಲಿನಕ್ಸ್ ದೊಡ್ಡಕ್ಷರ ಚಿಕ್ಕಕ್ಷರಗಳಲ್ಲಿ ಭೇದ ಮಾಡುತ್ತದೆ, ವಿಂಡೋಸ್ ಮಾಡುವುದಿಲ್ಲ. ಹಾಗಾಗಿ ಇಲ್ಲಿ ಓಡಿದ್ದು ಲಿನಕ್ಸ್ ಸರ್ವರಿಗೆ ಹೋದ ಮೇಲೆ ಫೈಲ್ ಇಲ್ಲ ಎನ್ನುತ್ತದೆ. ಇಲ್ಲಿ ಬರೆದ ಶೆಲ್ ಸ್ಕ್ರಿಪ್ಟ್ ಅಲ್ಲಿ ಮುಗ್ಗರಿಸಿದರೆ ಸಾಲಿನ ಕೊನೆಯಲ್ಲಿ ವಿಂಡೋಸ್ ಸೇರಿಸುವ ಒಂದು ಹೆಚ್ಚುವರಿ ಅಕ್ಷರದ ಮೇಲೆ ಮೊದಲು ಅನುಮಾನ ಪಡಬೇಕು. ಡೆಸ್ಕ್‌ಟಾಪ್ ಫೋಲ್ಡರನ್ನು ಒನ್‌ಡ್ರೈವ್ ತನ್ನ ಸುಪರ್ದಿಗೆ ತೆಗೆದುಕೊಂಡಿದ್ದರೆ ಪ್ರಾಜೆಕ್ಟಿನ ಸಾವಿರಾರು ಫೈಲುಗಳು ಮೋಡಕ್ಕೆ ಹತ್ತುತ್ತಾ, ನಡುವೆ 'ಪರ್ಮಿಶನ್ ಇಲ್ಲ' ಎಂಬ ಎರರ್ ಬರುತ್ತಾ ಇರುತ್ತದೆ. ಆಂಟಿವೈರಸ್‌ನಿಂದಲೂ ಇಂಥದೇ ಎರರ್ ಬರುವುದುಂಟು. ಸಿ ಡ್ರೈವಿನಲ್ಲಿ, ನಡುವೆ ಸ್ಪೇಸ್ ಇಲ್ಲದ ಪುಟ್ಟ ಇಂಗ್ಲಿಷ್ ಹೆಸರಿನ ಫೋಲ್ಡರ್ ಮಾಡಿಕೊಂಡು ಕೆಲಸ ಶುರುಮಾಡುವುದು ಹಳೆಯ ಕೈಗಳ ರೂಢಿ, ಅದಕ್ಕೆ ಕಾರಣವಿದೆ. ವರ್ಚುವಲ್ ಎನ್ವಿರಾನ್‌ಮೆಂಟ್ ಆನ್ ಮಾಡಲು ಪವರ್‌ಶೆಲ್ ಬಿಡದಿದ್ದರೆ ಅದು ಸ್ಕ್ರಿಪ್ಟುಗಳ ಮೇಲಿನ ಭದ್ರತಾ ನಿರ್ಬಂಧ ಅಷ್ಟೇ. ಹಳೆಯ ಕಮಾಂಡ್ ಪ್ರಾಂಪ್ಟ್‌ನಿಂದ ಮಾಡಿದರೆ ಅಡ್ಡಿಯಿಲ್ಲ.

ಇಷ್ಟೆಲ್ಲ ಏಕೆ, ವಿಂಡೋಸ್ ಒಳಗೇ ಲಿನಕ್ಸ್ ಹಾಕಿಕೊಳ್ಳಿ ಎನ್ನುವವರಿದ್ದಾರೆ. 2016ರಲ್ಲಿ ಮೈಕ್ರೋಸಾಫ್ಟ್ ತಾನೇ ತಂದ ಡಬ್ಲ್ಯುಎಸ್‌ಎಲ್, ಪ್ರೋಗ್ರಾಮನ್ನು ಅದರ ಪರಿಸರದ ಸಮೇತ ಕಟ್ಟಿಕೊಡುವ, 2013ರಲ್ಲಿ ಬಂದ ಡಾಕರ್ ಎರಡೂ ಒಳ್ಳೆಯ ಸಾಧನಗಳು, ಉದ್ಯೋಗದಲ್ಲಿರುವವರಿಗೆ ಬೇಕೇಬೇಕು. ಹೊಸದಾಗಿ ಕಲಿಯುವವರಿಗೆ ಇದನ್ನೇ ಮದ್ದೆಂದು ಕೊಡುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಕಾಯಿಲೆ ವಾಸಿಯಾಗುವುದಿಲ್ಲ, ಮನೆ ಬದಲಾಗುತ್ತದೆ. ಡಬ್ಲ್ಯುಎಸ್‌ಎಲ್ ತನ್ನ ಪಾತ್‌ನ ಬಾಲಕ್ಕೆ ವಿಂಡೋಸ್‌ನ ಪಾತ್ ಅಂಟಿಸಿಕೊಂಡು ಬರುವುದರಿಂದ ಯಾವ ಪೈಥಾನ್ ಎಂಬ ಹಳೆಯ ಪ್ರಶ್ನೆ ಈಗ ಎರಡು ಸಿಸ್ಟಮ್‌ಗಳ ಉದ್ದಕ್ಕೂ ಹಬ್ಬುತ್ತದೆ. ಅದರ ಎರಡನೇ ಆವೃತ್ತಿಯಲ್ಲಿ ಸಿ ಡ್ರೈವಿನ ಫೈಲುಗಳನ್ನು ಲಿನಕ್ಸ್ ಕಡೆಯಿಂದ ಮುಟ್ಟಿದರೆ ಎಲ್ಲವೂ ನಿಧಾನ. ಮ್ಯಾಕ್ ಇದ್ದವರೂ ಸುಖಿಗಳೆಂದುಕೊಳ್ಳಬೇಡಿ. 2022ರಲ್ಲಿ 12.3ನೇ ಆವೃತ್ತಿಯಲ್ಲಿ ಆ್ಯಪಲ್ ಹಳೆಯ ಪೈಥಾನ್ 2.7 ತೆಗೆದುಹಾಕಿತು. 2020ರ ಕೊನೆಯಲ್ಲಿ ಬಂದ ಹೊಸ ಚಿಪ್‌ಗಳಿಂದಾಗಿ ಸಾಫ್ಟ್‌ವೇರ್ ಹಾಕಿಕೊಡುವ ಹೋಮ್‌ಬ್ರೂನ ಫೋಲ್ಡರೇ ಜಾಗ ಬದಲಿಸಿತು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಮಾತ್ರ ತಿಳಿಯುವ ತೊಡಕು ಒಂದಿದೆ. ಭಾರತದ ಇಂಗ್ಲಿಷ್ ಎಂದು ಸೆಟ್ ಆಗಿರುವ ವಿಂಡೋಸ್‌ನಲ್ಲಿ, ಎನ್‌ಕೋಡಿಂಗ್ ಹೇಳದೆ ಪೈಥಾನ್‌ನಲ್ಲಿ ಫೈಲ್ ತೆರೆದರೆ ಅದನ್ನು 1252 ಎಂಬ ಪಶ್ಚಿಮ ಯೂರೋಪಿನ ಕೋಡ್‌ಪೇಜ್‌ನಲ್ಲಿ ಓದುತ್ತದೆ. ಫೈಲ್ ಇರುವುದು ಎಲ್ಲ ಲಿಪಿಗಳಿಗೂ ಜಾಗವಿರುವ ಯುಟಿಎಫ್-8ರಲ್ಲಿ. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ, ಪ್ರತಿ ಸ್ವರಚಿಹ್ನೆಗೂ ಮೂರು ಬೈಟ್. ಒಂದು ಹೆಸರುಪಟ್ಟಿಯಲ್ಲಿ ಗೀತಾ, ರಮೇಶ ಇಬ್ಬರೇ ಇದ್ದಾರೆನ್ನಿ. ಎರರ್ ಬರುವುದಿಲ್ಲ, ಹೆಸರುಗಳ ಜಾಗದಲ್ಲಿ ಫ್ರೆಂಚ್ ಅಕ್ಷರಗಳೂ ಸಣ್ಣ ಅಂಕಿಗಳೂ ಕಲಸಿಕೊಂಡು ಕಾಣುತ್ತವೆ. ಮೂರನೆಯವನಾಗಿ ಮಂಜುನಾಥ ಸೇರಿದ ಕೂಡಲೇ ಪ್ರೋಗ್ರಾಮು ನಿಂತುಹೋಗುತ್ತದೆ. ಲಕ್ಷ್ಮಿ ಸೇರಿದರೂ ಅಷ್ಟೆ.

ಕಾರಣ ಬೈಟುಗಳಲ್ಲಿದೆ. 1252ರ ಪಟ್ಟಿಯಲ್ಲಿ ಐದು ಮನೆಗಳು ಖಾಲಿ: 129, 141, 143, 144, 157. ಕನ್ನಡದ ಉಕಾರದ ಚಿಹ್ನೆಯ ಮೂರು ಬೈಟುಗಳು 224, 179, 129. ಒತ್ತಕ್ಷರಕ್ಕೂ ಅರ್ಧಾಕ್ಷರಕ್ಕೂ ಬೇಕಾದ ಹಲಂತದ ಬೈಟುಗಳು 224, 179, 141. ಎರಡರ ಕೊನೆಯ ಬೈಟೂ ಖಾಲಿ ಮನೆಗೆ ಹೋಗಿ ಬೀಳುತ್ತದೆ. ಏ, ಐ, ಝ ಅಕ್ಷರಗಳಿಗೆ ಕ್ರಮವಾಗಿ 143, 144, 157 ಪಾಲಿಗೆ ಬಂದಿವೆ. ಎರರ್ ಸಂದೇಶದಲ್ಲಿ ಈ ಬೈಟುಗಳು ಹೆಕ್ಸಾಡೆಸಿಮಲ್‌ನಲ್ಲಿ 81 ಎಂದೋ 8ಡಿ ಎಂದೋ ಕಾಣಿಸುತ್ತವೆ. ಅದನ್ನು ಕಂಡವರು ಫೈಲ್ ಕೆಟ್ಟಿದೆ ಎಂದು ಮತ್ತೆ ಟೈಪ್ ಮಾಡಲು ಕೂರುತ್ತಾರೆ. ಉಕಾರವೂ ಒತ್ತೂ ಇಲ್ಲದ ಕನ್ನಡ ಪುಟ ಸಿಗುವುದು ಅಪರೂಪ, ಹಾಗಾಗಿ ನಿಜವಾದ ಕನ್ನಡ ಫೈಲ್ ಕೊಟ್ಟರೆ ಎರರ್ ಬಂದೇ ಬರುತ್ತದೆ. ಅಪಾಯವಿರುವುದು ಎರರ್ ಬಾರದ ಪುಟ್ಟ ಪಟ್ಟಿಗಳಲ್ಲಿ: ಕಲಸಿಹೋದದ್ದೇ ಸದ್ದಿಲ್ಲದೆ ಡೇಟಾಬೇಸ್ ಸೇರಿ ಕೂರುತ್ತದೆ.

ಬರೆಯುವ ಕಡೆಯಲ್ಲೂ ಹೀಗೊಂದು ವಿಚಿತ್ರ. 3.6ನೇ ಆವೃತ್ತಿಯಿಂದ ಪೈಥಾನ್ ವಿಂಡೋಸ್‌ನ ಪರದೆಗೆ ನೇರ ಯುನಿಕೋಡ್‌ನಲ್ಲೇ ಬರೆಯುತ್ತದೆ. ಫಾಂಟ್ ಇಲ್ಲದೆ ಚೌಕಗಳು ಕಂಡರೂ ಪ್ರೋಗ್ರಾಮು ಓಡಿ ಮುಗಿಯುತ್ತದೆ. ಅದೇ ಪ್ರೋಗ್ರಾಮಿನ ಔಟ್‌ಪುಟ್ಟನ್ನು ಬಾಣದ ಗುರುತು ಹಾಕಿ ಫೈಲಿಗೆ ತಿರುಗಿಸಿದರೆ ಮತ್ತೆ 1252ಕ್ಕೆ ಹಿಂತಿರುಗಿ, ಕನ್ನಡ ಬರೆಯಲಾಗದೆ ನಿಲ್ಲುತ್ತದೆ. ಪೈಥಾನ್‌ನ ಯುಟಿಎಫ್-8 ಮೋಡ್ ಆನ್ ಮಾಡುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಎಂದು ಕೊಟ್ಟರೆ ಓದುವುದು ಬರೆಯುವುದು ಎರಡೂ ಸರಿಹೋಗುತ್ತವೆ, ಆದರೆ ಅದು ಆ ಒಂದು ಕಂಪ್ಯೂಟರಿಗೆ ಮಾತ್ರ. ಪ್ರೋಗ್ರಾಮನ್ನು ಇನ್ನೊಬ್ಬರಿಗೆ ಕೊಡುವುದಿದ್ದರೆ ಫೈಲ್ ತೆರೆಯುವ ಪ್ರತಿ ಸಾಲಿನಲ್ಲೂ ಎನ್‌ಕೋಡಿಂಗ್ ಹೆಸರು ಬರೆಯಲೇಬೇಕು.

ಜಾವಾ 2022ರ 18ನೇ ಆವೃತ್ತಿಯಲ್ಲಿ ಎಲ್ಲ ಸಿಸ್ಟಮ್‌ಗಳಲ್ಲೂ ಯುಟಿಎಫ್-8 ಅನ್ನೇ ಡಿಫಾಲ್ಟ್ ಮಾಡಿತು. ಪೈಥಾನ್ 3.15ರಿಂದ ಹಾಗೆ ಮಾಡುವುದೆಂದು ತೀರ್ಮಾನಿಸಿದೆ. ವಿಂಡೋಸ್‌ನ ನೋಟ್‌ಪ್ಯಾಡ್ ಕೂಡ 2019ರಿಂದ ಹೊಸ ಫೈಲುಗಳನ್ನು ಯುಟಿಎಫ್-8ರಲ್ಲೇ ಸೇವ್ ಮಾಡುತ್ತಿದೆ. ಆದರೆ ಕಾಲೇಜು ಲ್ಯಾಬುಗಳಲ್ಲಿ ಒಮ್ಮೆ ಹಾಕಿದ ಆವೃತ್ತಿ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ, ಅಡ್ಮಿನ್ ಪಾಸ್‌ವರ್ಡ್ ವಿದ್ಯಾರ್ಥಿಗಳ ಕೈಗೆ ಸಿಗುವುದಿಲ್ಲ. ಪಾಸ್‌ವರ್ಡ್ ಇಲ್ಲದೆಯೂ ತಮ್ಮ ಖಾತೆಯ ಮಟ್ಟಿಗೆ ಪೈಥಾನ್ ಹಾಕಿಕೊಳ್ಳಲು ಇನ್‌ಸ್ಟಾಲರ್ ಅವಕಾಶ ಕೊಡುತ್ತದೆ. ಪಾತ್‌ಗೆ ಸೇರಿಸುವ ತಳದ ಟಿಕ್ ಚೌಕ ಅಲ್ಲೂ ಖಾಲಿಯೇ ಇರುತ್ತದೆ, ನೋಡಿಕೊಂಡು ಮುಂದೆ ಹೋಗಬೇಕು.